ನಲವತ್ತೆರಡು ಕಿವಿಗಳ ಕಳವು

ಬೀರುವಿನ ಬಾಗಿಲು ಹಾರುಹೊಡೆದಿತ್ತು. ಬೀಗ ನೆಲದ ಮೇಲೆ ಬಾಯಿಬಿಟ್ಟುಕೊಂಡು ಬಿದ್ದಿತ್ತು. ಒಳಗೆ ಮೂರು ಹಲಗೆ. ಮೂರೂ ಖಾಲಿ.

ಅಂಚೆಯಕ್ಕ ಸಂಘದ ಸಾಮಾನಿನ ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಬೆಳಿಗ್ಗೆ ಎಂಟೂವರೆ. ಕೈಯಲ್ಲಿ ನಲವತ್ತೆರಡು ಹೆಸರಿನ ಪಟ್ಟಿ. ಹನ್ನೊಂದು ಗಂಟೆಗೆ ಆ ನಲವತ್ತೆರಡು ಜನರಿಗೂ ಒಂದೊಂದು ಶ್ರವಣಯಂತ್ರ ಕೊಡಬೇಕಿತ್ತು. ನಿನ್ನೆ ಸಂಜೆ ಅವಳೇ ಎಣಿಸಿ ಇಟ್ಟಿದ್ದಳು. ಪುಟ್ಟ ಪುಟ್ಟ ನೀಲಿ ಡಬ್ಬಿಗಳು. ಪ್ರತಿಯೊಂದಕ್ಕೂ ಬಿಗಿಯಾದ ಅಂಟುಪಟ್ಟಿ.

"ಮೇಷ್ಟ್ರೇ! ಬೇಗ ಬನ್ನಿ! ಯಾರೋ ಗುಡಿಸಿ ಗುಂಡಾಂತರ ಮಾಡಿಬಿಟ್ಟಿದಾರೆ!"

ಮೇಷ್ಟ್ರು ಓಡಿಬಂದರು. ನಿವೃತ್ತ ಗಣಿತದ ಮೇಷ್ಟ್ರು, ನೆರವು ಸಂಘದ ಅಧ್ಯಕ್ಷರು. ಖಾಲಿ ಬೀರುವನ್ನು ನೋಡಿದವರೇ ಹತ್ತಿರದ ಕುರ್ಚಿಯ ಮೇಲೆ ಕುಸಿದರು. ಅವರ ಹಿಂದೆಯೇ ಸಂಘದ ಕಾರ್ಯದರ್ಶಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸಮಾರಂಭಕ್ಕೆಂದೇ ಹೊಳಪು ಹಾಕಿದ ಬೂಟು. ಅವನು ಕುಸಿಯಲಿಲ್ಲ. ನೇರವಾಗಿ ಫೋನ್ ತೆಗೆದು ಪೊಲೀಸರಿಗೆ ಹಚ್ಚಿದ.

"ಯಾವ ಪಾಪಿಗೆ ಈ ಮುದುಕರ ಕಿವಿ ಬೇಕಾಯ್ತೋ!" ಎಂದ.

ಅಷ್ಟರಲ್ಲಿ ಕಿವಿ ಡಾಕ್ಟರಮ್ಮ ಚೀಲ ಹಿಡಿದು ಒಳಗೆ ಬಂದರು. ವಿಷಯ ತಿಳಿದು ಅವರು ಮಾಡಿದ ಮೊದಲ ಕೆಲಸ ಹುಬ್ಬು ಗಂಟಿಕ್ಕಿದ್ದು.

"ಇದನ್ನ ಕದ್ದು ಏನು ಮಾಡ್ತಾರೆ? ಒಬ್ಬೊಬ್ಬರ ಕಿವಿಯ ಅಚ್ಚು ತೆಗೆದು ಮಾಡಿಸಿದ್ದು. ಒಬ್ಬರದ್ದು ಇನ್ನೊಬ್ಬರಿಗೆ ಕೂರೋದೇ ಇಲ್ಲ. ಮಾರೋಕೂ ಆಗಲ್ಲ, ಹಾಕಿಕೊಳ್ಳೋಕೂ ಆಗಲ್ಲ."

ಆ ಮಾತು ಅಂಚೆಯಕ್ಕನ ತಲೆಯಲ್ಲಿ ಮೊಳೆಯ ಹಾಗೆ ಕೂತಿತು.

* * *

ಅಂಚೆಯಕ್ಕ ಮೂವತ್ತೊಂದು ವರ್ಷ ಮನೆಮನೆಗೆ ಅಂಚೆ ಹಂಚಿದವಳು. ಊರಿನ ಯಾವ ಬಾಗಿಲು ಜಗ್ಗಿ ತೆರೆಯಬೇಕು, ಯಾವುದನ್ನು ತಳ್ಳಬೇಕು, ಯಾವ ಮನೆಯ ನಾಯಿ ಬೊಗಳುತ್ತದೆ, ಯಾವುದು ಕಚ್ಚುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ನಿವೃತ್ತಳಾದ ಮೇಲೂ ಕಾಲು ಸುಮ್ಮನಿರಲಿಲ್ಲ. ಸಂಘಕ್ಕೆ ಸೇರಿದಳು.

ಸಂಘದ ಕಟ್ಟಳೆ ಒಂದೇ. ಜನ ಕೊಟ್ಟ ದುಡ್ಡನ್ನು ಮೇಜಿನ ಸುತ್ತ ಕೂತು ಖರ್ಚು ಮಾಡುವಂತಿಲ್ಲ. ಮೊದಲು ಮನೆಮನೆಗೆ ಹೋಗಿ, ನಿಮಗೆ ಏನು ಬೇಕು ಎಂದು ಕೇಳಬೇಕು. ಕೇಳುವವಳು ಅಂಚೆಯಕ್ಕ. ಒಂದು ವರ್ಷ ಹಾಗೆ ಕೇಳಿಯೇ ಆಸ್ಪತ್ರೆಯ ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸಿದರು. ಇನ್ನೊಂದು ವರ್ಷ ಬಾಡಿಗೆ ಮನೆಗಳ ಸಾಲಿಗೆ ಬಟ್ಟೆ ಒಗೆಯುವ ಯಂತ್ರ ಬಂತು.

ಈ ಸಲ ಅವಳು ಮಿಲ್ಲಿನ ಸಾಲಿಗೆ ಹೋಗಿದ್ದಳು. ನೇಯ್ಗೆ ಮಿಲ್ಲಿನಲ್ಲಿ ಮೂವತ್ತು, ನಲವತ್ತು ವರ್ಷ ದುಡಿದವರ ಮನೆಗಳು. ಅಲ್ಲಿ ಎಷ್ಟು ತಟ್ಟಿದರೂ ಯಾರೂ ಬಾಗಿಲು ತೆಗೆಯಲಿಲ್ಲ. ತಟ್ಟಿದ ಸದ್ದೇ ಅವರಿಗೆ ಕೇಳಿಸಿರಲಿಲ್ಲ. ಮುನ್ನೂರು ಮಗ್ಗಗಳ ಸದ್ದು ಅವರ ಕಿವಿಯನ್ನು ತಿಂದುಹಾಕಿತ್ತು. ಬೆನ್ನ ಹಿಂದೆ ಬಂದ ಲಾರಿ ಗೊತ್ತಾಗದೆ ಒಬ್ಬರು ಕಾಲು ಮುರಿದುಕೊಂಡಿದ್ದರು. ಒಬ್ಬಾಕೆ ಮೊಮ್ಮಗಳ ದನಿ ಹೇಗಿದೆ ಎಂದೇ ಅರಿಯಳು. ಸಂಘ ಎರಡು ವರ್ಷ ಡಬ್ಬಿ ಹಿಡಿದು ಹಣ ಕೂಡಿಸಿತು. ಡಾಕ್ಟರಮ್ಮ ಪುಕ್ಕಟೆಯಾಗಿ ಪರೀಕ್ಷೆ ಮಾಡಿ, ಕಿವಿಯ ಅಚ್ಚು ತೆಗೆದುಕೊಟ್ಟರು. ತಯಾರಿಕೆಯ ಕಂಪನಿಯನ್ನು ಹುಡುಕಿ ಮಾಲು ತರಿಸಿದವನು ಕಾರ್ಯದರ್ಶಿ.

ಈಗ ಬೀರು ಖಾಲಿ.

* * *

ಇನ್ಸ್‌ಪೆಕ್ಟರ್ ಒಂಬತ್ತೂವರೆಗೆ ಬಂದ. ಅಂಚೆಯಕ್ಕನ ಸ್ವಂತ ಅಕ್ಕನ ಮಗ.

"ಚಿಕ್ಕಮ್ಮ, ನೀನು ಮನೆಗೆ ಹೋಗು. ಇದು ನಮ್ಮ ಕೆಲಸ."

"ನೀನು ನಿನ್ನ ಕೆಲಸ ಮಾಡಪ್ಪ. ನಾನು ಇಲ್ಲೇ ಮೂಲೇಲಿ ಕೂತಿರ್ತೀನಿ."

ಹಾಲ್ ತುಂಬ ಮುದುಕರು. ಸಮಾರಂಭಕ್ಕೆ ಒಂಬತ್ತಕ್ಕೇ ಮಡಿಸಿಟ್ಟ ಬಟ್ಟೆ ಉಟ್ಟು ಬಂದಿದ್ದವರು. ಮುಂದಿನ ಸಾಲಿನಲ್ಲಿ ಲಾಳಿ ಅಜ್ಜಿ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯಷ್ಟೇ ಚುರುಕು ಎಂದು ಮಿಲ್ಲಿನವರು ಇಟ್ಟ ಹೆಸರು. ವಯಸ್ಸು ಎಪ್ಪತ್ತೆರಡು. ನಿನ್ನೆ ಮಧ್ಯಾಹ್ನವೂ ಇವರೆಲ್ಲ ಇಲ್ಲೇ ಇದ್ದರು. ಯಾರು ಎಲ್ಲಿ ಕೂರಬೇಕೆಂದು ಗೊತ್ತುಮಾಡಲು ಕರೆಸಿದ್ದರು.

ಇನ್ಸ್‌ಪೆಕ್ಟರ್ ಪುಸ್ತಕದಲ್ಲಿ ತಲೆ ಹುದುಗಿಸಿ ಬರೆಯುತ್ತಲೇ ಕೇಳಿದ. "ನಿನ್ನೆ ಇಲ್ಲಿ ಯಾರಿಗಾದ್ರೂ ಏನಾದ್ರೂ ಕೇಳಿಸ್ತಾ?"

ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ಅವನು ಮತ್ತೆ, ಇನ್ನೂ ಜೋರಾಗಿ, ಪುಸ್ತಕಕ್ಕೇ ಕೂಗಿದ.

"ಕಿವುಡರ ಹತ್ತಿರ ಏನು ಕೇಳಿಸ್ತು ಅಂತ ಕೇಳ್ತಿದೀಯಲ್ಲೋ," ಎಂದಳು ಅಂಚೆಯಕ್ಕ. ಆಮೇಲೆ ಹಾಲಿನ ಆ ತುದಿಯಿಂದ, ದನಿ ಏರಿಸದೆ, "ಚಹಾ ಬೇಕಾ?" ಎಂದಳು.

ನಲವತ್ತೆರಡು ಕೈ ಮೇಲೆದ್ದವು.

ಇನ್ಸ್‌ಪೆಕ್ಟರ್ ಅದನ್ನು ಗಮನಿಸಲಿಲ್ಲ. ಅವನನ್ನು ಕಾರ್ಯದರ್ಶಿ ಪಕ್ಕಕ್ಕೆ ಕರೆದಿದ್ದ.

"ಸರ್, ಹೇಳಬಾರದು, ಆದ್ರೂ ಹೇಳ್ತೀನಿ. ಮೂಲೆ ಅಂಗಡಿಯ ರೇಡಿಯೋ ಅಣ್ಣ. ಕಿವಿಗೆ ಸಿಕ್ಕಿಸೋ ಅಗ್ಗದ ಮೆಷಿನ್ ಅವನೂ ಮಾರ್ತಾನೆ. ನಮ್ಮ ಸಭೆಗೆ ಬಂದು, ನನ್ನ ಹತ್ರ ಯಾಕೆ ಕೊಳ್ಳಲಿಲ್ಲ ಅಂತ ರಂಪ ಮಾಡಿದ್ದ."

ಗುಡಿಸುವಾಕೆಯೂ ತಲೆಯಾಡಿಸಿದಳು. "ಹೌದು ಸಾರ್. ಇವತ್ತು ಆರು ಗಂಟೆಗೆ ನಾನು ಬಾಗಿಲು ತೆಗೆದಾಗ ಬಂದು, ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ಕೊಂಡು ಹೋದ."

ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿದ. ಮುಖ ಅರಳಿತು.

* * *

ರೇಡಿಯೋ ಅಣ್ಣನ ಅಂಗಡಿ ಒಂದು ಬೀರುವಿನಷ್ಟೇ ಅಗಲ. ಗೋಡೆ ತುಂಬ ಹೊಟ್ಟೆ ಸೀಳಿದ ರೇಡಿಯೋಗಳು. ಮೇಜಿನ ಮೇಲೆ ಆ ರಟ್ಟಿನ ಪೆಟ್ಟಿಗೆ.

"ತೆಗಿ," ಎಂದ ಇನ್ಸ್‌ಪೆಕ್ಟರ್.

"ತೆಗೆದ್ರೆ ಸ್ಕ್ರೂ ಚೆಲ್ಲಿಹೋಗುತ್ತೆ ಸಾರ್."

"ತೆಗಿ ಅಂದೆ!"

ತೆಗೆದ. ಒಳಗಿದ್ದದ್ದು ಸಂಘದ ಹಳೆಯ ಧ್ವನಿವರ್ಧಕ. ಹತ್ತಾರು ಸ್ಕ್ರೂ ನೆಲಕ್ಕೆ ಉರುಳಿದವು.

"ಸಮಾರಂಭಕ್ಕೆ ಮೈಕ್ ಗೊರಗೊರ ಅನ್ನುತ್ತೆ, ಸರಿ ಮಾಡಿಕೊಡು ಅಂತ ಮೇಷ್ಟ್ರೇ ಹೇಳಿದ್ರು. ನಾನು ದುಡ್ಡು ಕೂಡ ಬೇಡ ಅಂದೆ. ಸಭೇಲಿ ಕೂಗಾಡಿದ್ದು ನಿಜ. ಆಮೇಲೆ ಡಾಕ್ಟರಮ್ಮ ಅಚ್ಚು ತೆಗೆಯೋದನ್ನ ನೋಡಿದೆ. ನನ್ನ ಮೆಷಿನ್ ಅವುಗಳ ಮುಂದೆ ಆಟಿಕೆ ಸಾರ್. ಒಪ್ಕೊಂಡೆ."

ಇನ್ಸ್‌ಪೆಕ್ಟರ್ ಮಂಡಿಯೂರಿ ಸ್ಕ್ರೂ ಹೆಕ್ಕಿಕೊಡಬೇಕಾಯಿತು. ಬಾಗಿಲಲ್ಲಿ ನಿಂತಿದ್ದ ಅಂಚೆಯಕ್ಕ ನಗಲಿಲ್ಲ. ಅವಳ ತಲೆಯಲ್ಲಿ ಡಾಕ್ಟರಮ್ಮನ ಮಾತೇ ತಿರುಗುತ್ತಿತ್ತು. ಮಾರೋಕೂ ಆಗಲ್ಲ, ಹಾಕಿಕೊಳ್ಳೋಕೂ ಆಗಲ್ಲ. ಹಾಗಾದರೆ ಕದ್ದವನಿಗೆ ಆ ಡಬ್ಬಿಗಳು ಬೇಕಾಗಿರಲಿಲ್ಲ. ಅವು ಅಲ್ಲಿ ಇರಬಾರದು, ಅಷ್ಟೇ ಬೇಕಾಗಿತ್ತು.

ಯಾಕೆ? ಅವಳು ಸಂಘಕ್ಕೆ ಮರಳಿದಾಗ ಡಾಕ್ಟರಮ್ಮ ಇನ್ನೂ ಅಲ್ಲೇ ಇದ್ದರು.

"ಡಾಕ್ಟರಮ್ಮ, ನೀವು ಇವತ್ತು ಬರೋದು ಮೊದಲೇ ಗೊತ್ತಿತ್ತಾ?"

"ಇಲ್ಲಮ್ಮ. ಮುಂದಿನ ತಿಂಗಳು ಬಂದು ಪರೀಕ್ಷೆ ಮಾಡೋದು ಅಂತಿತ್ತು. ಮನಸ್ಸು ತಡೀಲಿಲ್ಲ. ನಾನೇ ಒಬ್ಬೊಬ್ಬರ ಕಿವಿಗೂ ಕೂರಿಸಿ ಕೊಡ್ತೀನಿ ಅಂತ ನಿನ್ನೆ ಮಧ್ಯಾಹ್ನ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಕಾರ್ಯದರ್ಶಿಗೆ ಹೇಳಿದ್ರು."

ಅಂಚೆಯಕ್ಕ ನಿಧಾನವಾಗಿ ಕಾರ್ಯದರ್ಶಿಯ ಗಾಜಿನ ಕೋಣೆಯತ್ತ ನಡೆದಳು. ಹಾಲಿನ ಮೂಲೆಯಲ್ಲಿ ನಾಲ್ಕೂ ಕಡೆ ಗಾಜು ಹಾಕಿ ಅವನಿಗೆ ಕೋಣೆ ಮಾಡಿಕೊಟ್ಟಿದ್ದರು. ಬಾಗಿಲು ಹಾಕಿದರೆ ಒಳಗಿನ ಸದ್ದು ಹೊರಗೆ ಬರುತ್ತಿರಲಿಲ್ಲ.

"ಒಂದು ಮಾತು ಕೇಳ್ಬೇಕಿತ್ತು. ಆ ಕಿವಿಯ ಅಚ್ಚುಗಳನ್ನ ಕಂಪನಿಗೆ ಹೇಗೆ ಕಳಿಸಿದ್ರಿ?"

"ರಿಜಿಸ್ಟರ್ ಪಾರ್ಸೆಲ್, ಅಂಚೆಯಕ್ಕ. ನಾನೇ ದೊಡ್ಡ ಅಂಚೆ ಕಚೇರಿಗೆ ಹೋಗಿ ಕೊಟ್ಟು ಬಂದೆ."

"ಯಾವತ್ತು?"

"ಡಾಕ್ಟರಮ್ಮ ಕೊಟ್ಟ ದಿನವೇ. ಶನಿವಾರ, ಊಟ ಆದ ಮೇಲೆ."

"ಓ," ಎಂದಳು ಅಂಚೆಯಕ್ಕ. ಬಾಗಿಲು ಮುಚ್ಚಿಕೊಂಡು ಹೊರಬಂದಳು. ದೊಡ್ಡ ಅಂಚೆ ಕಚೇರಿಯಲ್ಲಿ ಶನಿವಾರ ಹನ್ನೆರಡಕ್ಕೆ ಪಾರ್ಸೆಲ್ ಕೌಂಟರಿನ ಬಾಗಿಲು ಎಳೆಯುತ್ತಾರೆ. ಮೂವತ್ತೊಂದು ವರ್ಷದಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ.

ಆದರೆ ಇಷ್ಟೇ ಸಾಲದು. ನೆನಪಿನ ತಪ್ಪು ಎಂದುಬಿಟ್ಟರೆ ಮುಗಿಯಿತು.

* * *

ಅವಳು ಲಾಳಿ ಅಜ್ಜಿಯ ಪಕ್ಕ ಬಂದು ಕೂತಳು. ಅಜ್ಜಿ ಅವಳ ಮುಖ ನೋಡಿ ಕೈ ಸವರಿದಳು.

"ಬೇಜಾರು ಮಾಡ್ಕೋಬೇಡ ಮಗಾ. ಕಿವಿ ಇಲ್ಲದೆ ಇಪ್ಪತ್ತು ವರ್ಷ ಕಳೆದಾಯ್ತು. ಇನ್ನೆಷ್ಟು ದಿನ?"

"ಹಾಗನ್ನಬೇಡ ಅಜ್ಜಿ," ಎಂದಳು ಅಂಚೆಯಕ್ಕ. ಅಳು ಬಂದು ದನಿ ಹೊರಡಲಿಲ್ಲ. ತುಟಿ ಮಾತ್ರ ಆಡಿತು.

"ಅನ್ನಲ್ಲ ಬಿಡು," ಎಂದಳು ಅಜ್ಜಿ.

ಅಂಚೆಯಕ್ಕ ಕಣ್ಣು ಒರೆಸುತ್ತಿದ್ದವಳು ಕೈಯನ್ನು ಅಲ್ಲೇ ನಿಲ್ಲಿಸಿದಳು. ಇಷ್ಟು ವರ್ಷ ಅದು ವಿಶೇಷವೆಂದೇ ಅವಳಿಗೆ ಅನ್ನಿಸಿರಲಿಲ್ಲ. ಮುನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ಮಿಲ್ಲಿನವರು ಮೊದಲ ವರ್ಷವೇ ತುಟಿ ಓದಲು ಕಲಿಯುತ್ತಾರೆ. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಹರಟೆ ಹೊಡೆಯುತ್ತಾರೆ, ಜಗಳ ಆಡುತ್ತಾರೆ, ಮದುವೆ ಮಾತು ಮುಗಿಸುತ್ತಾರೆ. ಮುಖ ಎದುರಿಗಿದ್ದರೆ ಅವರಿಗೆ ಕಿವಿ ಬೇಡ. ಬೆನ್ನ ಹಿಂದೆ ಕರೆದ ಮೊಮ್ಮಗಳಿಗೆ, ಫೋನಿನೊಳಗಿನ ಮಗನಿಗೆ, ಲಾರಿಯ ಹಾರನ್ನಿಗೆ ಮುಖವಿಲ್ಲ. ಅದಕ್ಕೇ ಯಂತ್ರ ಬೇಕಾಗಿತ್ತು.

ಇನ್ಸ್‌ಪೆಕ್ಟರ್ ಎಲ್ಲರನ್ನೂ ಏನು ಕೇಳಿಸಿತು ಎಂದು ಕೇಳಿದ್ದ. ಏನು ಕಾಣಿಸಿತು ಎಂದು ಯಾರೂ ಕೇಳಿರಲಿಲ್ಲ.

"ಅಜ್ಜಿ, ನಿನ್ನೆ ಮಧ್ಯಾಹ್ನ ನೀನು ಇದೇ ಕುರ್ಚಿ ಮೇಲೆ ಕೂತಿದ್ದೆ ಅಲ್ವಾ? ಆ ಗಾಜಿನ ಕೋಣೆಯಲ್ಲಿ ಸೆಕ್ರೆಟರಿ ಫೋನಲ್ಲಿ ಏನಾದ್ರೂ ಮಾತಾಡಿದ್ರಾ?"

"ಮಾತಾಡಿದ. ತುಂಬ ಗಾಬರೀಲಿದ್ದ. ಮನೆ ವಿಷಯ ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ."

"ಏನಂದ?"

ಅಜ್ಜಿ ಕಣ್ಣು ಮುಚ್ಚಿ ನೆನಪಿಸಿಕೊಂಡಳು. "'ಡಾಕ್ಟರೇ ಬರ್ತಾಳಂತೆ. ತೆಗೆದು ನೋಡಿದ್ರೆ ಕಥೆ ಮುಗೀತು.' ಆಮೇಲೆ ಆ ಕಡೆ ತಿರುಗಿದ. ಮತ್ತೆ ಈ ಕಡೆ ತಿರುಗಿದಾಗ, 'ಮಾವನ ಮನೆಯಲ್ಲೇ ಇರಲಿ, ಅಲ್ಲಿ ಯಾರೂ ಹುಡುಕಲ್ಲ,' ಅಂದ. ಯಾರನ್ನೋ ಎಲ್ಲೋ ಬಿಡ್ತಾನೆ ಅಂದ್ಕೊಂಡೆ."

ಅಂಚೆಯಕ್ಕ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

* * *

ಮಧ್ಯಾಹ್ನ ಒಂದೂವರೆ. ಕಾರ್ಯದರ್ಶಿಯ ಮಾವನ ಮನೆ.

ಹೆಣ್ಣು ಕೊಟ್ಟ ಮಾವ ಎಂಬತ್ತರ ಮುದುಕ. ಒಂದು ಕೋಣೆ, ಒಂದು ಅಡುಗೆಮನೆ. ಪೊಲೀಸರು ಮಂಚದ ಕೆಳಗೆ ನೋಡಿದರು, ಅಟ್ಟ ಹತ್ತಿದರು, ಹಿಟ್ಟಿನ ಡಬ್ಬ ಮಗುಚಿದರು. ಸಿಕ್ಕಿದ್ದು ಒಂದು ಹಲ್ಲುಸೆಟ್ಟು. ಅದೂ ಆ ಮುದುಕನದೇ. ಆರು ತಿಂಗಳಿಂದ ಹುಡುಕುತ್ತಿದ್ದನಂತೆ.

ವಿಷಯ ಗಾಳಿಯ ಹಾಗೆ ಹಬ್ಬಿತು. ಕಾರ್ಯದರ್ಶಿ ಇನ್ಸ್‌ಪೆಕ್ಟರನ ಎದುರು ಕೆಂಡವಾದ.

"ಹತ್ತು ವರ್ಷ ಈ ಸಂಘಕ್ಕೆ ಜೀವ ತೇದಿದೀನಿ. ನನ್ನ ಮಾವನ ಮನೆಗೆ ಪೊಲೀಸರನ್ನ ಕಳಿಸ್ತೀರಾ? ನಾಲ್ಕು ಗಂಟೆಗೆ ದುಡ್ಡು ಕೊಟ್ಟವರ ಸಭೆ ಇದೆ. ಎಲ್ಲರ ಮುಂದೆ ಉತ್ತರ ಕೊಡ್ಬೇಕಾಗುತ್ತೆ."

ಅವನು ಹೋದ ಮೇಲೆ ಇನ್ಸ್‌ಪೆಕ್ಟರ್ ಚಿಕ್ಕಮ್ಮನತ್ತ ತಿರುಗಿದ. "ಮಾನ ಹೋಯ್ತು. ಕಿವುಡಜ್ಜಿ ಹೇಳಿದಳಂತೆ, ಇನ್ಸ್‌ಪೆಕ್ಟರ್ ಓಡಿದನಂತೆ! ಇನ್ನು ನನ್ನ ಹತ್ರ ಬರಬೇಡ."

ಸಂಘದಲ್ಲಿ ಮೇಷ್ಟ್ರು ಒಂದು ಹಾಳೆಯ ಮುಂದೆ ಕೂತಿದ್ದರು.

"ಸಂಘ ಮುಚ್ತೀನಿ ಅಂಚೆಯಕ್ಕ. ಬಾಗಿಲಲ್ಲಿ ಜನ ನಿಂತಿದಾರೆ, ನಮ್ಮ ದುಡ್ಡು ಎಲ್ಲಿ ಅಂತ. ಬೇಕರಿಯವನು ಒಂದು ವರ್ಷ ದಿನಾ ಚಿಲ್ಲರೆ ಹಾಕಿದ್ದ ಡಬ್ಬಿಗೆ. ಅವನಿಗೆ ಯಾವ ಮುಖ ತೋರಿಸಲಿ?"

"ನಾಲ್ಕು ಗಂಟೆವರೆಗೆ ಆ ಹಾಳೆ ಮೇಲೆ ಸಹಿ ಹಾಕಬೇಡಿ."

"ನಾಲ್ಕು ಗಂಟೆಗೆ ಏನಾಗುತ್ತೆ?"

ಅವಳಿಗೂ ಗೊತ್ತಿರಲಿಲ್ಲ.

* * *

ಲಾಳಿ ಅಜ್ಜಿ ಮನೆಗೆ ಹೋಗಿರಲಿಲ್ಲ. ಕಿಟಕಿಯ ಪಕ್ಕ ಕೂತಿದ್ದಳು. ತಪ್ಪು ಮಾಡಿದ ಶಾಲೆಯ ಮಗುವಿನ ಮುಖ.

"ನಾನು ಸುಳ್ಳು ಹೇಳಲಿಲ್ಲ ಮಗಾ."

"ಗೊತ್ತು ಅಜ್ಜಿ." ಅಂಚೆಯಕ್ಕ ಹೊರಗೆ ನೋಡಿದಳು. ಮೋಡ ಕವಿದಿತ್ತು. ಮಾತು ಬದಲಿಸಲು, "ಮಳೆ ಬರೋ ಹಾಗಿದೆ. ನಿನ್ನ ಮನೆ ತನಕ ಬಿಟ್ಟು ಬರ್ತೀನಿ," ಎಂದಳು.

ಅಜ್ಜಿ ತನ್ನ ಕೈ ನೋಡಿಕೊಂಡಳು. "ಬಳೆಯಾ? ಯಾವ ಬಳೆ? ನಾನು ಬಳೆ ಹಾಕಿ ಎಷ್ಟು ಕಾಲ ಆಯ್ತು."

"ಬಳೆ ಅಲ್ಲ ಅಜ್ಜಿ. ಮಳೆ, ಮಳೆ." ಅವಳು ಆಕಾಶ ತೋರಿಸಿದಳು.

"ಓ, ಮಳೆ! ಎರಡೂ ಒಂದೇ ಥರ ಕಾಣುತ್ತಲ್ಲ. ಮಿಲ್ಲಲ್ಲಿ ಆದ್ರೆ ಹಿಂದೆಮುಂದಿನ ಮಾತು ಹಿಡಿದು ತಿಳ್ಕೊಳ್ತಿದ್ವಿ."

ಅಂಚೆಯಕ್ಕ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡಳು. ಮಳೆ, ಎಂದಳು. ಬಳೆ, ಎಂದಳು. ತುಟಿ ಎರಡು ಸಲವೂ ಒಂದೇ ರೀತಿ ಕೂಡಿತು, ಒಂದೇ ರೀತಿ ಬಿಟ್ಟಿತು. ಗಾಜಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಮಾವ, ಎಂದಳು.

ಭಾವ, ಎಂದಳು.

"ಅಜ್ಜೀ!" ಎಂದು ಕೂಗಿ ಮುದುಕಿಯ ಎರಡೂ ಕೆನ್ನೆ ಹಿಡಿದಳು. "ಅದು ಮಾವನ ಮನೆ ಅಲ್ಲ. ಭಾವನ ಮನೆ!"

ಕಾರ್ಯದರ್ಶಿಯ ಅಕ್ಕನ ಗಂಡ. ಹಳೇ ಗೋದಾಮು ರಸ್ತೆ, ಏಳನೇ ನಂಬರು. ಕೆಳಗೆ ರಟ್ಟಿನ ಪೆಟ್ಟಿಗೆಯ ಗೋದಾಮು, ಮೇಲೆ ಮನೆ. ಅಲ್ಲಿಗೆ ಅವಳು ಹನ್ನೆರಡು ವರ್ಷ ಕಾಗದ ಕೊಟ್ಟಿದ್ದಳು. ರಟ್ಟಿನ ಪೆಟ್ಟಿಗೆಗಳ ರಾಶಿಯಲ್ಲಿ ಇನ್ನೊಂದು ರಟ್ಟಿನ ಪೆಟ್ಟಿಗೆ! ಯಾರು ಹುಡುಕುತ್ತಾರೆ?

ಇನ್ಸ್‌ಪೆಕ್ಟರ್ ಮೊದಲು ಕೈ ಮುಗಿದ. "ಸಾಕು ಚಿಕ್ಕಮ್ಮ. ಇನ್ನೊಂದು ಸಲ ನಗೆಪಾಟಲಾದ್ರೆ ನನ್ನ ಕೆಲಸ ಹೋಗುತ್ತೆ."

"ಇಬ್ಬರು ಪೇದೆಗಳನ್ನ ಕಳಿಸು. ನೀನು ಸಭೆಗೆ ಬಾ. ಅಲ್ಲಿ ಏನೂ ಸಿಗದಿದ್ರೆ ಅಷ್ಟು ಜನರ ಮುಂದೆ ನಾನೇ ಅವನ ಕಾಲು ಹಿಡೀತೀನಿ."

ಅವನು ಅವಳನ್ನು ನೋಡಿದ. ಚಿಕ್ಕಮ್ಮ ಯಾರ ಕಾಲನ್ನೂ ಹಿಡಿದವಳಲ್ಲ. ವೈರ್‌ಲೆಸ್ ಕೈಗೆತ್ತಿಕೊಂಡ.

* * *

ನಾಲ್ಕು ಗಂಟೆ. ಹಾಲಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುವಂತಿರಲಿಲ್ಲ. ಮುಂದೆ ಮಿಲ್ಲಿನ ಮುದುಕರು. ಹಿಂದೆ ಹಣ ಕೊಟ್ಟವರು. ಬೇಕರಿಯವನು, ದರ್ಜಿ, ಬಸ್ ಕಂಡಕ್ಟರು, ರೇಡಿಯೋ ಅಣ್ಣ. ವೇದಿಕೆಯ ಮೇಲೆ ಮೇಷ್ಟ್ರು, ಡಾಕ್ಟರಮ್ಮ, ಕಾರ್ಯದರ್ಶಿ.

ಕಾರ್ಯದರ್ಶಿ ಎದ್ದು ಕಣ್ಣೊರೆಸಿಕೊಂಡ. "ನನ್ನ ಮೇಲೆ ಕೆಸರು ಎರಚಿದಾರೆ. ಆದ್ರೂ ಕ್ಷಮಿಸ್ತೀನಿ. ಕಳ್ಳ ಸಿಗಲಿ, ಸಿಗದಿರಲಿ, ನಾವೆಲ್ಲ ಸೇರಿ ಮತ್ತೆ ಹಣ ಕೂಡಿಸೋಣ."

ಯಾರೋ ಚಪ್ಪಾಳೆ ತಟ್ಟಿದರು.

ಅಂಚೆಯಕ್ಕ ಎದ್ದಳು. "ಅದಕ್ಕೆ ಮುಂಚೆ ಒಂದು ಮಾತು. ಶನಿವಾರ ಮಧ್ಯಾಹ್ನ ಪಾರ್ಸೆಲ್ ಕೌಂಟರ್ ಮುಚ್ಚಿರುತ್ತೆ. ನೀವು ಅಚ್ಚುಗಳನ್ನ ಕಳಿಸಲೇ ಇಲ್ಲ. ಅಚ್ಚು ಹೋಗದಿದ್ರೆ ಮೆಷಿನ್ ತಯಾರಾಗೋದು ಹೇಗೆ? ಆ ನೀಲಿ ಡಬ್ಬಿಯೊಳಗೆ ಇದ್ದದ್ದು ಏನು?"

ಜನರೆಲ್ಲ ಕಾರ್ಯದರ್ಶಿಯತ್ತ ತಿರುಗಿದರು.

"ಶನಿವಾರವೋ ಸೋಮವಾರವೋ, ಮರೆತಿರಬಹುದು," ಎಂದ ಕಾರ್ಯದರ್ಶಿ.

"ಇದನ್ನೂ ಮರೆತಿರಾ? 'ಡಾಕ್ಟರೇ ಬರ್ತಾಳಂತೆ. ತೆಗೆದು ನೋಡಿದ್ರೆ ಕಥೆ ಮುಗೀತು.' ನಿನ್ನೆ ಮಧ್ಯಾಹ್ನ, ಗಾಜಿನ ಕೋಣೆಯಲ್ಲಿ, ಫೋನಿನಲ್ಲಿ ಅಂದಿರಿ. ಲಾಳಿ ಅಜ್ಜಿ ನಿಮ್ಮ ತುಟಿ ಓದಿದಳು."

ಕಾರ್ಯದರ್ಶಿ ಗಹಗಹಿಸಿ ನಕ್ಕ. "ಕೇಳಿದ್ರಾ? ಕಿವುಡಿ ಸಾಕ್ಷಿ! ಗಾಜಿನಾಚೆ, ಮೂವತ್ತು ಹೆಜ್ಜೆ ದೂರದಿಂದ! ಇದನ್ನ ನಂಬ್ತೀರಾ?"

ಹಿಂದಿನ ಸಾಲಿನವರು ಮುಖಮುಖ ನೋಡಿಕೊಂಡರು. ಅಂಚೆಯಕ್ಕ ಇನ್ಸ್‌ಪೆಕ್ಟರನಿಗೆ ಕಣ್ಣಲ್ಲೇ ಗಾಜಿನ ಕೋಣೆ ತೋರಿಸಿದಳು. ಅವನು ಒಳಗೆ ಹೋದ. ಬಾಗಿಲು ಎಳೆದುಕೊಂಡ. ಫೋನ್ ಕಿವಿಗಿಟ್ಟು ಏನೋ ಗೊಣಗಿದ. ಹೊರಗೆ ಒಂದು ಉಸಿರೂ ಕೇಳಿಸಲಿಲ್ಲ.

ಮುಂದಿನ ಮೂರು ಸಾಲುಗಳು ಒಮ್ಮೆಗೇ ಹೋ ಎಂದು ನಕ್ಕವು. ನಲವತ್ತೆರಡು ಮುದುಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಿವಿ ಚೆನ್ನಾಗಿದ್ದ ಹಿಂದಿನವರು ಮಾತ್ರ ಪಿಳಿಪಿಳಿ ನೋಡುತ್ತಿದ್ದರು.

ಇನ್ಸ್‌ಪೆಕ್ಟರ್ ಹೊರಬಂದ. ಅವನ ಕಿವಿ ಕೆಂಪಾಗಿದ್ದವು.

"ಹೇಳಜ್ಜಿ, ಏನಂದ?" ಎಂದಳು ಅಂಚೆಯಕ್ಕ.

ಲಾಳಿ ಅಜ್ಜಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು. "'ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ಈ ಚಿಕ್ಕಮ್ಮನ ಕೈಗೆ ಸಿಕ್ಕಿದವನ ಗತಿ ಇಷ್ಟೇ. ದೇವರೇ, ಇವತ್ತು ನನ್ನ ಮಾನ ಉಳಿಸು.'"

"ಅಕ್ಷರ ಬಿಡದೆ ಅದೇ," ಎಂದ ಇನ್ಸ್‌ಪೆಕ್ಟರ್.

ಹಾಲ್ ಬಿರಿದುಹೋಗುವ ಹಾಗೆ ಚಪ್ಪಾಳೆ ಬಿತ್ತು.

ಕಾರ್ಯದರ್ಶಿಯ ಹಣೆಯಲ್ಲಿ ಬೆವರು. ಆದರೂ ಬಿಡಲಿಲ್ಲ. "ಅಷ್ಟು ಚೆನ್ನಾಗಿ ಓದೋದಾದ್ರೆ, ಮಾವನ ಮನೆಯಲ್ಲಿ ಯಾಕೆ ಏನೂ ಸಿಗಲಿಲ್ಲ?"

"ಒಂದು ಅಕ್ಷರ ತಪ್ಪಿತ್ತು. ಎಲ್ಲರೂ ಪಕ್ಕದವರ ತುಟಿ ನೋಡಿ. ಸದ್ದು ಮಾಡದೆ 'ಮಳೆ' ಅನ್ನಿ. ಈಗ 'ಬಳೆ' ಅನ್ನಿ."

ಇಡೀ ಸಭೆ ಮೀನಿನ ಹಾಗೆ ಬಾಯಿ ಆಡಿಸಿತು. ಬೇಕರಿಯವನು ದರ್ಜಿಯ ಮುಖ ನೋಡಿ, "ಅಯ್ಯೋ, ಎರಡೂ ಒಂದೇ!" ಎಂದ.

"ತುಟಿಗೆ ಮ, ಬ, ಭ ಎಲ್ಲ ಒಂದೇ. ಈಗ 'ಮಾವ' ಅನ್ನಿ." ಅವಳು ಕಾರ್ಯದರ್ಶಿಯ ಕಣ್ಣಿನಲ್ಲಿ ಕಣ್ಣಿಟ್ಟಳು. "ಈಗ 'ಭಾವ' ಅನ್ನಿ."

ಕಾರ್ಯದರ್ಶಿಯ ಮುಖದ ರಕ್ತ ಇಳಿದುಹೋಯಿತು. ಅವನು ಬಾಗಿಲತ್ತ ನೋಡಿದ. ಬಾಗಿಲಲ್ಲಿ ಇಬ್ಬರು ಪೇದೆಗಳು ನಿಂತಿದ್ದರು. ಕೈಯಲ್ಲಿ ಎರಡು ರಟ್ಟಿನ ಪೆಟ್ಟಿಗೆ. ಅವರ ನಡುವೆ ತಲೆ ತಗ್ಗಿಸಿದ ಭಾವ.

* * *

ಮೊದಲ ಪೆಟ್ಟಿಗೆಯಲ್ಲಿ ನೀಲಿ ಡಬ್ಬಿಗಳು. ಡಾಕ್ಟರಮ್ಮ ಒಂದರ ಅಂಟುಪಟ್ಟಿ ಕಿತ್ತು, ಒಳಗಿನದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ರೇಡಿಯೋ ಅಣ್ಣ ಹಿಂದಿನಿಂದಲೇ ಕೂಗಿದ.

"ಅದು ನನ್ನ ಅಂಗಡೀಲೂ ಇದೆ! ಡಜನ್ ಲೆಕ್ಕದಲ್ಲಿ ಬರುತ್ತೆ. ಸದ್ದು ಜೋರು ಮಾಡುತ್ತೆ ಅಷ್ಟೇ. ಮಾತೂ ಜೋರು, ಫ್ಯಾನೂ ಜೋರು!"

ಎರಡನೆಯ ಪೆಟ್ಟಿಗೆಯನ್ನು ಡಾಕ್ಟರಮ್ಮನೇ ತೆರೆದರು. ಹತ್ತಿಯ ಮೇಲೆ ಸಾಲಾಗಿ ಗುಲಾಬಿ ಬಣ್ಣದ ನಲವತ್ತೆರಡು ಕಿವಿಯ ಅಚ್ಚುಗಳು. ಒಂದೊಂದರ ಕೆಳಗೂ ಅವರೇ ಬರೆದ ಹೆಸರು.

"ಒಂದೂ ಕೆಟ್ಟಿಲ್ಲ. ಇವತ್ತೇ ಕಳಿಸಬಹುದು."

ಭಾವ ಎಲ್ಲವನ್ನೂ ಕಕ್ಕಿದ. ಕಂಪನಿ ಎಂಬುದೇ ಇರಲಿಲ್ಲ. ಕಾಗದದ ಮೇಲಿನ ಹೆಸರು, ಅದರ ಖಾತೆ ಭಾವನದು. ಸಂಘದ ಹಣ ಅಲ್ಲಿಗೆ ಹೋಗಿತ್ತು. ಚಂದದ ಡಬ್ಬಿಗಳನ್ನು ಮಾಡಿಸಿ, ಒಳಗೆ ಆಟಿಕೆ ತುಂಬಿದ್ದರು. ಮುದುಕರಿಗೇನು ಗೊತ್ತಾಗುತ್ತದೆ, ಕೇಳಿಸದಿದ್ದರೆ ತಮ್ಮ ಕಿವಿಯದೇ ದೋಷ ಎಂದುಕೊಳ್ಳುತ್ತಾರೆ, ಎಂಬ ಲೆಕ್ಕ. ಮುಂದಿನ ತಿಂಗಳು ಡಾಕ್ಟರಮ್ಮ ಬರುವ ಹೊತ್ತಿಗೆ ಕಾರ್ಯದರ್ಶಿ ಊರು ಬಿಟ್ಟಿರುತ್ತಿದ್ದ. ಅವರು ಮೊದಲೇ ಬರುತ್ತೇನೆ ಎಂದದ್ದೇ ಬುಡಕ್ಕೆ ಬೆಂಕಿ ಬಿದ್ದಂತಾಯಿತು. ಗಾಜಿನ ಕೋಣೆಯಿಂದ ಅವನು ಗಾಬರಿಯಲ್ಲಿ ಫೋನ್ ಮಾಡಿದ್ದು ಹೆಂಡತಿಗೆ. ತೆರೆಯುವ ಮುಂಚೆ ಡಬ್ಬಿಗಳು ಮಾಯವಾಗಬೇಕಿತ್ತು. ಕಾರ್ಯದರ್ಶಿ ರಾತ್ರಿ ತನ್ನ ಕೀಲಿಯಿಂದ ಒಳಬಂದು ಬೀಗ ಮೀಟಿ ಕಳ್ಳತನದ ನಾಟಕವಾಡಿದ. ಅಚ್ಚುಗಳ ಪೆಟ್ಟಿಗೆ ಮೊದಲಿಂದಲೂ ಭಾವನ ಗೋದಾಮಿನಲ್ಲೇ ಇತ್ತು.

"ನೀವು ಅವರ ಕಿವಿ ನೋಡಿದ್ರಿ," ಎಂದಳು ಅಂಚೆಯಕ್ಕ. "ಕಣ್ಣು ನೋಡ್ಲಿಲ್ಲ."

ಇನ್ಸ್‌ಪೆಕ್ಟರ್ ಕಾರ್ಯದರ್ಶಿಯ ತೋಳು ಹಿಡಿದ. ಬೆಳಿಗ್ಗೆಯಿಂದ ಮೊದಲ ಸಲ ಅವನಿಗೆ ನಗು ಬಂದಿತ್ತು.

"ಪೆಟ್ಟಿಗೆ ಭಾವನ ಮನೆಗೆ ಹೋಯ್ತು. ನೀವು ನಡೀರಿ, ಮಾವನ ಮನೆಗೆ. ಅಲ್ಲಿ ಊಟ ವಸತಿ ಎಲ್ಲ ಪುಕ್ಕಟೆ."

* * *

ಖಾತೆಯ ಹಣದಲ್ಲಿ ಮುಕ್ಕಾಲು ಪಾಲು ಹಾಗೇ ಉಳಿದಿತ್ತು. ಉಳಿದ ಕಾಲು ಪಾಲನ್ನು ಜನ ಒಂದೇ ವಾರದಲ್ಲಿ ತುಂಬಿದರು. ಅಚ್ಚುಗಳನ್ನು ಅಂಚೆಯಕ್ಕನೇ ಕೌಂಟರಿಗೆ ಒಯ್ದು, ರಸೀದಿ ತಂದು, ಗೋಡೆಗೆ ಅಂಟಿಸಿದಳು.

ಐದನೆಯ ವಾರ ಡಾಕ್ಟರಮ್ಮ ಹಾಲಿನಲ್ಲಿ ಮೇಜು ಹಾಕಿಕೊಂಡು ಕೂತರು. ಒಬ್ಬೊಬ್ಬರಿಗೇ ಕೂರಿಸಿ, ಒಂದೊಂದೇ ಗುಂಡಿ ತಿರುಗಿಸಿದರು. ಒಬ್ಬ ಮುದುಕ ತನ್ನ ಚಪ್ಪಲಿಯ ಸದ್ದು ಕೇಳಿ ಬೆಚ್ಚಿ ನಿಂತ. ಮತ್ತೊಬ್ಬಳು ಮೊಮ್ಮಗಳನ್ನು ಬೆನ್ನ ಹಿಂದೆ ನಿಲ್ಲಿಸಿ, "ಕರಿ, ಇನ್ನೊಂದು ಸಲ ಕರಿ," ಎಂದು ಹತ್ತು ಸಲ ಕರೆಸಿಕೊಂಡಳು. ಲಾಳಿ ಅಜ್ಜಿ ಐದು ನಿಮಿಷ ಸುಮ್ಮನೆ ಕೂತಿದ್ದು, "ಮೇಷ್ಟ್ರೇ, ನೀವು ಇಷ್ಟು ಜೋರಾಗಿ ಉಸಿರಾಡ್ತೀರಾ?" ಎಂದಳು.

ಆ ಸಂಜೆಯೇ ಸಂಘದ ಸಭೆ. ಖರ್ಚಿನ ನಿರ್ಧಾರ ಇನ್ನು ನಾಲ್ಕು ಜನರ ಕೈಯಲ್ಲಿ ಇರುವುದು ಬೇಡ, ನೆರವು ಪಡೆದವರಲ್ಲಿ ಇಬ್ಬರು ಸಮಿತಿಯಲ್ಲಿ ಕೂರಬೇಕು ಎಂದು ಮೇಷ್ಟ್ರು ಸೂಚಿಸಿದರು. ಎಲ್ಲ ಕೈಗಳೂ ಎದ್ದವು. ಲಾಳಿ ಅಜ್ಜಿಯ ಹೆಸರು ಮೊದಲು ಬಂತು.

"ಈ ವರ್ಷದ ಹಣಕ್ಕೆ ನಿಮ್ಮ ಸಲಹೆ ಏನಜ್ಜಿ?" ಎಂದರು ಮೇಷ್ಟ್ರು.

ಅಜ್ಜಿ ಯೋಚಿಸಲೂ ಇಲ್ಲ.

"ನಮಗೆ ಕಿವಿ ಬಂತು. ಈಗಲೂ ಮಗ್ಗದ ಮುಂದೆ ಮುನ್ನೂರು ಜನ ನಿಂತಿದಾರೆ. ಚಿಕ್ಕ ಚಿಕ್ಕ ವಯಸ್ಸು. ಅವರ ಕಿವಿ ಇನ್ನೂ ಇದೆ. ಕಿವಿಗೆ ಗಟ್ಟಿ ಮುಚ್ಚಳ ಸಿಗುತ್ತಂತಲ್ಲ ಡಾಕ್ಟರಮ್ಮ? ಮುನ್ನೂರು ತರಿಸಿ."

"ಮಿಲ್ಲಿನವರು ಒಪ್ಪಬೇಕಲ್ಲ?" ಎಂದ ಯಾರೋ.

"ಒಪ್ಪಿಸೋಕೆ ನಾವು ಹೋಗ್ತೀವಿ. ನಲವತ್ತೆರಡೂ ಜನ."

ಹೋದರು. ಮಿಲ್ಲಿನ ಯಜಮಾನ ಮೊದಲು ಬಾಗಿಲು ಹಾಕಿಕೊಂಡ. ಗಾಜಿನಾಚೆ ಮ್ಯಾನೇಜರನ ಕಿವಿಯಲ್ಲಿ ಏನೋ ಹೇಳಿದ. ಅಜ್ಜಿ ಗೇಟಿನಿಂದಲೇ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಸುತ್ತ ನಿಂತಿದ್ದ ಕಾರ್ಮಿಕರು ಬಿದ್ದು ಬಿದ್ದು ನಕ್ಕರು. ಹತ್ತು ನಿಮಿಷದಲ್ಲಿ ಬಾಗಿಲು ತೆರೆಯಿತು. ಮುಚ್ಚಳಗಳ ಅರ್ಧ ಖರ್ಚನ್ನು ಮಿಲ್ಲೇ ಕೊಡುತ್ತದೆ ಎಂದು ಯಜಮಾನ ಸಹಿ ಹಾಕಿದ.

ಮುಂದಿನ ಸೋಮವಾರ ಬೆಳಗಿನ ಪಾಳಿಗೆ ಗೇಟು ತೆರೆದಾಗ ಲಾಳಿ ಅಜ್ಜಿ ಮತ್ತು ಅಂಚೆಯಕ್ಕ ಎರಡು ಬುಟ್ಟಿ ಹಿಡಿದು ಅಕ್ಕಪಕ್ಕ ನಿಂತಿದ್ದರು. ಒಳಹೋಗುವ ಪ್ರತಿಯೊಬ್ಬರ ತಲೆಗೂ ಅಜ್ಜಿ ತಾನೇ ಮುಚ್ಚಳ ಸಿಕ್ಕಿಸಿದಳು. ಕೂದಲು ಕೆಡುತ್ತದೆ ಎಂದು ಗೊಣಗಿದ ಒಬ್ಬಳ ಕಿವಿ ಹಿಂಡಿಯೇ ಸಿಕ್ಕಿಸಿದಳು.

"ಹೋಗು ಮಗಳೇ, ಈಗ ಎಷ್ಟು ಬೇಕಾದ್ರೂ ನೇಯಿ," ಎಂದಳು.

ಒಳಗೆ ಮಗ್ಗಗಳು ಶುರುವಾದವು.